ಕೆಂಗುರಿ ಮರಿಗಳ ಬಿಳಿ ಸ್ನಾಯು ರೋಗ: ತಾಯಿಗೆ ಸೆಲೆನಿಯಂ ಕೊಟ್ಟು ತಡೆದ ನನ್ನ ಅನುಭವ

ಗಂಗಾವತಿಯ ಸುತ್ತಲಿನ ಭತ್ತದ ಸೀಮೆಯಲ್ಲಿ, ಕೊಟ್ಟಿಗೆಯಲ್ಲಿಯೇ ಕಟ್ಟಿ ಸಾಕುವ ಕೆಂಗುರಿ ತಳಿಯ ಕುರಿ ಹಿಂಡುಗಳಲ್ಲಿ, ಮೂರರಿಂದ ಎಂಟು ವಾರದ ಮರಿಗಳು ಹಿಂಗಾಲು ಸೆಟೆದು, ಬೆನ್ನು ಗೂನಾಗಿ ನಿಂತು ಸಾಯುತ್ತಿದ್ದವು. ಧನುರ್ವಾಯು ಎಂದು ಕೆಲವರು, ಕೀಲುಬಾವು ಎಂದು ಕೆಲವರು ಹೇಳಿದರು. ಪೆನಿಸಿಲಿನ್, ಕ್ಯಾಲ್ಸಿಯಂ, ಬಿ ಕಾಂಪ್ಲೆಕ್ಸ್, ಆಂಟಿಟಾಕ್ಸಿನ್ ಎಲ್ಲವನ್ನೂ ಕೊಟ್ಟದ್ದಾಯಿತು. ಮರಿಯೊಂದಕ್ಕೆ ನಾಲ್ಕೈದು ನೂರು ರೂಪಾಯಿ ಹೋಯಿತೇ ಹೊರತು ಮರಿ ಉಳಿಯಲಿಲ್ಲ.

ಶವಪರೀಕ್ಷೆಯಲ್ಲಿ ಎರಡೂ ತೊಡೆಗಳ ಮಾಂಸ ಒಂದೇ ರೀತಿ, ಬೇಯಿಸಿದ ಕೋಳಿ ಮಾಂಸದಂತೆ ಬಿಳಿಚಿತ್ತು. ಓಡಾಡುತ್ತಲೇ ಬಿದ್ದು ಸತ್ತ ಮರಿಗಳಲ್ಲಿ ಹೃದಯದ ಗೋಡೆಯ ಮೇಲೂ ಅದೇ ಪಟ್ಟೆಗಳಿದ್ದವು. ಇದು ಸೆಲೆನಿಯಂ ಎಂಬ ಖನಿಜದ ಕೊರತೆಯಿಂದ ಬರುವ ಬಿಳಿ ಸ್ನಾಯು ರೋಗ ಎಂದು ನಾನು ಹೇಳಿದಾಗ, ನಮ್ಮ ಎರೆಭೂಮಿಯಲ್ಲಿ ಅಂಥ ಕೊರತೆ ಎಲ್ಲಿಂದ ಬರಬೇಕೆಂದು ಸಹೋದ್ಯೋಗಿಗಳು ನಂಬಲಿಲ್ಲ. ಆದರೆ ಕುಷ್ಟಗಿ, ಯಲಬುರ್ಗಾ ಕಡೆ ಬಯಲಲ್ಲಿ ಮೇಯುವ ಹಿಂಡುಗಳಲ್ಲಿ ಈ ಕಾಯಿಲೆ ನನಗೆ ಕಂಡಿರಲಿಲ್ಲ. ಕಾಯಿಲೆ ಬಂದ ಹಿಂಡುಗಳ ತಾಯಿಗಳು ತಿಂದದ್ದು ವರ್ಷ ಹಳೆಯದಾದ ಭತ್ತದ ಹುಲ್ಲು. ದಾಸ್ತಾನಿನಲ್ಲಿ ಅದರ ವಿಟಮಿನ್ ಇ ಬಹುಪಾಲು ನಾಶವಾಗಿರುತ್ತದೆ. ಸ್ನಾಯುಕೋಶದೊಳಗೆ ಹಾನಿಕಾರಕ ಪೆರಾಕ್ಸೈಡನ್ನು ನೀರಾಗಿಸುವ ಗ್ಲುಟಾಥಯೋನ್ ಪೆರಾಕ್ಸಿಡೇಸ್ ಎಂಬ ಕಿಣ್ವ ಸೆಲೆನಿಯಂ ಇಲ್ಲದೆ ತಯಾರಾಗುವುದಿಲ್ಲ. ಕೋಶದ ಪೊರೆಯನ್ನು ಕಾಯುವುದು ವಿಟಮಿನ್ ಇ. ಎರಡೂ ಒಟ್ಟಿಗೆ ಕಡಿಮೆಯಾದಾಗ, ಬೇಗ ಬೆಳೆಯುತ್ತಿರುವ ಮರಿಯನ್ನು ಒಮ್ಮೆ ಓಡಿಸಿದರೂ ಸ್ನಾಯು ತಡೆದುಕೊಳ್ಳಲಾರದು.

ಪುರಾವೆಗಾಗಿ ಮರಿಗಳ ಸೀರಮ್ಮನ್ನು ಪಟ್ಟಣದ ಮನುಷ್ಯರ ಪ್ರಯೋಗಾಲಯದಲ್ಲಿಯೇ ಸಿಪಿಕೆ (ಸ್ನಾಯು ಹಾನಿಯಾದಾಗ ರಕ್ತಕ್ಕೆ ಸೋರುವ ಕಿಣ್ವ) ಪರೀಕ್ಷೆಗೆ ಕೊಟ್ಟೆ. ಒಂದಕ್ಕೆ ಸುಮಾರು ಮುನ್ನೂರೈವತ್ತು ರೂಪಾಯಿ. ಆರೋಗ್ಯವಂತ ಮರಿಗಳಲ್ಲಿ ಲೀಟರಿಗೆ ಇನ್ನೂರು ಯೂನಿಟ್‌ನ ಆಸುಪಾಸಿನಲ್ಲಿದ್ದದ್ದು ಸೆಟೆದ ಮರಿಗಳಲ್ಲಿ ಹತ್ತು ಸಾವಿರವನ್ನು ದಾಟಿತ್ತು. ಯಂತ್ರದ ಮಿತಿ ಮೀರುವುದರಿಂದ ಸೀರಮ್ಮನ್ನು ತೆಳುಗೊಳಿಸಿ ಓದಲು ತಂತ್ರಜ್ಞರಿಗೆ ಮೊದಲೇ ಹೇಳಬೇಕು. ರಕ್ತಕಣದ ಪೆರಾಕ್ಸಿಡೇಸ್ ಅಳೆದು ಚಿಕಿತ್ಸೆಯನ್ನು ತೀರ್ಮಾನಿಸುವುದು ಮಾತ್ರ ಸರಿಯಲ್ಲ. ಆ ಕಿಣ್ವ ಹೊಸ ರಕ್ತಕಣ ರೂಪುಗೊಳ್ಳುವಾಗಲೇ ಸೇರಬೇಕಾದ್ದರಿಂದ ಸೆಲೆನಿಯಂ ಚುಚ್ಚುಮದ್ದು ಕೊಟ್ಟ ವಾರದಲ್ಲಿ ಏನೂ ಏರುವುದಿಲ್ಲ. ನನ್ನ ಚಿಕಿತ್ಸೆ ವ್ಯರ್ಥವೆಂದು ಸಾರಿದವರು ನೋಡಿದ್ದು ಆ ವಾರದ ಅಂಕಿಯನ್ನೇ.

ಸೆಟೆದ ಮರಿಗೇ ಆ ಮದ್ದನ್ನು ಚುಚ್ಚಿದಾಗ ಅರ್ಧದಷ್ಟು ಉಳಿದವು. ಹೃದಯಕ್ಕೆ ಹತ್ತಿದವು ಉಳಿಯಲಿಲ್ಲ. ಫಲ ಸಿಕ್ಕಿದ್ದು ತಾಯಿಗೆ ಕೊಟ್ಟಾಗ. ಈಯಲು ಸುಮಾರು ಒಂದು ತಿಂಗಳಿರುವಾಗ, ಕೆ.ಜಿ. ತೂಕಕ್ಕೆ 0.05 ಮಿ.ಗ್ರಾಂ ಸೆಲೆನಿಯಂ ಬರುವಂತೆ, ವಿಟಮಿನ್ ಇ ಜೊತೆಗಿರುವ ಚುಚ್ಚುಮದ್ದನ್ನು ಒಮ್ಮೆ ಮಾತ್ರ ಕೊಟ್ಟೆ. ಸೆಲೆನಿಯಂ ಗರ್ಭದಲ್ಲಿಯೇ ಮರಿಯನ್ನು ತಲುಪುತ್ತದೆ. ವಿಟಮಿನ್ ಇ ಹಾಗೆ ದಾಟುವುದು ಬಹಳ ಕಡಿಮೆ, ಅದು ಗಿಣ್ಣಿನಲ್ಲಿ ಬರಬೇಕು. ಆದ್ದರಿಂದ ಈಯುವ ಹದಿನೈದು ದಿನ ಮುಂಚಿನಿಂದ ಹಸಿ ಕುದುರೆ ಮೆಂತ್ಯವನ್ನು ಕಡ್ಡಾಯ ಮಾಡಿದೆ. ತೂಕ ನೋಡದೆ ಯಾರೂ ಚುಚ್ಚಬಾರದು, ಇದರ ಎಂಟು-ಹತ್ತು ಪಟ್ಟು ಪ್ರಮಾಣ ಕುರಿಯ ಪ್ರಾಣವನ್ನೇ ತೆಗೆಯಬಲ್ಲದು.

ಔಷಧಿಗೆ ತಾಯಿಯೊಂದಕ್ಕೆ ಇಪ್ಪತ್ತೈದು ರೂಪಾಯಿಯೂ ಆಗಲಿಲ್ಲ. ಮುಂದಿನ ಹಂಗಾಮಿನಲ್ಲಿ ನೂರಿಪ್ಪತ್ತರಷ್ಟು ಮರಿಗಳಲ್ಲಿ ಸೆಟೆದದ್ದು ಒಂದೋ ಎರಡೋ. ಹಿಂದೆ ಅಷ್ಟೇ ಮರಿಗಳಲ್ಲಿ ಹದಿನೈದಕ್ಕೂ ಹೆಚ್ಚು ಹೋಗುತ್ತಿದ್ದವು. ಅಂದು ಒಪ್ಪದ ಇಬ್ಬರು ಸಹೋದ್ಯೋಗಿಗಳು ಈಗ ತಮ್ಮ ಹಿಂಡುಗಳಿಗೂ ಇದನ್ನೇ ಕೊಡುತ್ತಿದ್ದಾರೆಂಬುದು ನನಗೆ ಹೆಮ್ಮೆಯ ವಿಷಯ.

ಇದರ ನಡುವೆ, ಪ್ರಯಾಣದಲ್ಲಿ ಸ್ನಾಯು ನಲುಗುವುದನ್ನೂ ಇದು ತಡೆಯುವುದೇ ಎಂದು ನೋಡಲು, ಸಂತೆಗೆ ಟೆಂಪೋದಲ್ಲಿ ಹೋಗುವ ಕೆಲವು ಟಗರುಗಳಿಗೂ ಮುಂಚಿತವಾಗಿ ಇದೇ ಮದ್ದು ಕೊಟ್ಟು, ಪ್ರಯಾಣದ ಹಿಂದೆ-ಮುಂದೆ ಸಿಪಿಕೆ ನೋಡಿದೆ. ಮದ್ದು ಪಡೆದವುಗಳಲ್ಲಿಯೂ ಪಡೆಯದವುಗಳಲ್ಲಿಯೂ ಅದು ಹೆಚ್ಚುಕಡಿಮೆ ಒಂದೇ ಸಮನೆ ಏರಿತು. ಕೊರತೆಯಿಲ್ಲದ ಕುರಿಗೆ ಹೆಚ್ಚುವರಿ ಸೆಲೆನಿಯಂ ಕೊಡುವುದನ್ನು ಅಲ್ಲಿಗೆ ಬಿಟ್ಟೆ. ಚುಚ್ಚುಮದ್ದಿನ ಸೋಡಿಯಂ ಸೆಲೆನೈಟ್ ಬದಲು, ಸೆಲೆನಿಯಂ ಸೇರಿಸಿ ಬೆಳೆಸಿದ ಯೀಸ್ಟನ್ನು ತೌಡಿನಲ್ಲಿ ಬೆರೆಸಿ ತಿನ್ನಿಸುವ ಪ್ರಯೋಗ ಈಗ ನಡೆದಿದೆ. ಖರ್ಚು ಮೂರು ಪಟ್ಟು ಬರುತ್ತಿದೆ. ಬಲವಾದ ಕುರಿ ಇನ್ನೊಂದರ ಪಾಲನ್ನು ತಿನ್ನದಂತೆ ಹಂಚುವ ಒಂದು ವಿಧಾನವನ್ನು ಕಂಡುಕೊಂಡಿದ್ದೇನೆ. ಇನ್ನೊಂದು ಹಂಗಾಮು ಕಳೆಯುವವರೆಗೆ ಅದನ್ನು ನನ್ನಲ್ಲಿಯೇ ಇಟ್ಟುಕೊಳ್ಳುತ್ತೇನೆ.