ಮನೆಯಲ್ಲೇ ಕಾರು ರಿಪೇರಿಗೆ ಕೈ ಹಾಕಿ ಎಡವಟ್ಟಾಯಿತೇ? ಮೊದಲು ಹೀಗೆ ಮಾಡಿ

ಕಾರಿನ ಎಂಜಿನ್ ಆಯಿಲ್ ಬದಲಿಸುವುದು ಮನೆಯಲ್ಲೇ ಮಾಡಬಹುದಾದ ಕೆಲಸ. ಹಳೇ ಆಯಿಲ್ ಇಳಿಸಬೇಕು, ಫಿಲ್ಟರ್ ಬಿಚ್ಚಿ ಹೊಸದು ಕೂರಿಸಬೇಕು, ಹೊಸ ಆಯಿಲ್ ಸುರಿಯಬೇಕು. ಅಷ್ಟೇ. ನಾನು ಇದನ್ನು ಹಲವು ಸಲ ಮಾಡಿದ್ದೇನೆ. ಒಂದು ಸಲ ಎಲ್ಲ ಮುಗಿಸಿ, ಕೈ ಒರೆಸಿಕೊಂಡು ಎಂಜಿನ್ ಸ್ಟಾರ್ಟ್ ಮಾಡಿದೆ. ಬಾನೆಟ್ ಪಕ್ಕ ಟಾರ್ಚ್ ಹಿಡಿದು ನಿಂತಿದ್ದ ಮಗಳು ಕೂಗಿಕೊಂಡಳು: ‘ಅಪ್ಪಾ, ಕೆಳಗೆ ಸುರೀತಾ ಇದೆ, ಆಫ್ ಮಾಡಿ!’

ಆಫ್ ಮಾಡಿ ಇಳಿದು ನೋಡಿದರೆ ನೆಲದ ತುಂಬಾ ಹೊಸ ಆಯಿಲ್. ಹತ್ತು ಹದಿನೈದು ಸೆಕೆಂಡಿನಲ್ಲಿ ಅಷ್ಟು. ಹೆಚ್ಚಿನ ಸಣ್ಣ ಕಾರುಗಳ ಎಂಜಿನ್‌ಗೆ ಹಿಡಿಯುವುದೇ 3ರಿಂದ 4 ಲೀಟರ್ ಆಯಿಲ್. ಇನ್ನೊಂದೆರಡು ನಿಮಿಷ ಓಡಿದ್ದರೆ ಒಳಗೆ ಏನೂ ಉಳಿಯುತ್ತಿರಲಿಲ್ಲ. ಅವಳು ಅಲ್ಲಿ ನಿಂತಿದ್ದರಿಂದ ಎಂಜಿನ್ ಉಳಿಯಿತು.

ಅವತ್ತಿನಿಂದ ನನಗೆ ಒಂದು ವಿಷಯ ಮನಸ್ಸಿನಲ್ಲಿ ಕೂತುಬಿಟ್ಟಿದೆ. ಕಾರಿನ ಕೆಲಸದಲ್ಲಿ ತಪ್ಪು ಯಾರಿಗಾದರೂ ಆಗುತ್ತದೆ, ಗ್ಯಾರೇಜಿನಲ್ಲೂ ಆಗುತ್ತದೆ. ಆ ತಪ್ಪನ್ನು ಹೆಚ್ಚಾಗಿ ಸರಿ ಮಾಡಬಹುದು. ದೊಡ್ಡ ಹಾನಿ ಆಗುವುದು ತಪ್ಪಾದ ನಂತರದ ಐದು ನಿಮಿಷದಲ್ಲಿ, ಗಾಬರಿಯಲ್ಲಿ ಇನ್ನೊಂದು ಸುತ್ತು ಬಿಗಿ ಮಾಡಿದಾಗ, ‘ಒಂದ್ಸಲ ನೋಡೋಣ’ ಅಂತ ಮತ್ತೆ ಸ್ಟಾರ್ಟ್ ಮಾಡಿದಾಗ. ಆ ಐದು ನಿಮಿಷ ಹೇಗೆ ಕಳೆಯಬೇಕು ಅನ್ನುವುದೇ ಈ ಲೇಖನ.

ಹಂತ 1: ಕೈ ತೆಗೆಯಿರಿ, ಕೀ ತೆಗೆಯಿರಿ

ಏನೋ ಸರಿಯಿಲ್ಲ ಅನ್ನಿಸಿದ ಕ್ಷಣ ಎಂಜಿನ್ ಆಫ್ ಮಾಡಿ, ಕೀ ಜೇಬಿಗೆ ಹಾಕಿ. ಬಟನ್ ಒತ್ತಿ ಸ್ಟಾರ್ಟ್ ಮಾಡುವ ಕಾರಾದರೆ ಕೀಯನ್ನು ಕಾರಿನಿಂದ ದೂರ ಇಡಿ, ಮನೆಯ ಬೇರೆ ಯಾರೂ ಗೊತ್ತಿಲ್ಲದೆ ಬಟನ್ ಒತ್ತಬಾರದು. ಡ್ಯಾಶ್‌ಬೋರ್ಡಿನಲ್ಲಿ ಎಣ್ಣೆ ಡಬ್ಬಿಯ ಚಿತ್ರದ ಕೆಂಪು ದೀಪ ಉರಿಯುತ್ತಿದ್ದರೆ ಒಂದು ಕ್ಷಣವೂ ಎಂಜಿನ್ ಓಡಿಸಬೇಡಿ. ಆಯಿಲ್ ಸ್ವಲ್ಪ ಕಡಿಮೆಯಾಗಿದೆ ಅಂತ ನೆನಪಿಸುವ ದೀಪ ಅಂತ ಅನೇಕರು ಅಂದುಕೊಂಡಿದ್ದಾರೆ. ಅದು ಹೇಳುವುದು ಆಯಿಲ್ ಒತ್ತಡ ಬಿದ್ದಿದೆ ಅಂತ. ಒತ್ತಡ ಇಲ್ಲ ಅಂದರೆ ಬೇರಿಂಗ್‌ಗಳಿಗೆ ಆಯಿಲ್ ತಲುಪುತ್ತಿಲ್ಲ, ಲೋಹಕ್ಕೆ ಲೋಹ ತಿಕ್ಕುತ್ತಿದೆ.

ಕಾರು ಜಾಕ್ ಮೇಲಿದ್ದರೆ ಇನ್ನೊಂದು ಮಾತು. ಬರೀ ಜಾಕ್ ನಂಬಿ ಕಾರಿನ ಕೆಳಗೆ ತಲೆ, ಕೈ, ಕಾಲು ಯಾವುದನ್ನೂ ಹಾಕಬೇಡಿ. ಜಾಕ್ ಇರುವುದು ಎತ್ತುವುದಕ್ಕೆ ಮಾತ್ರ. ಎತ್ತಿದ್ದನ್ನು ಹಿಡಿದು ನಿಲ್ಲಿಸುವುದಕ್ಕೆ ಜಾಕ್ ಸ್ಟ್ಯಾಂಡ್ ಬೇಕು. ನೆಲ ಗಟ್ಟಿಯಾಗಿ, ಸಮತಟ್ಟಾಗಿ ಇರಬೇಕು. ನೆಲದ ಮೇಲಿರುವ ಚಕ್ರಗಳಿಗೆ ಅಡ್ಡ ಕೊಟ್ಟಿರಬೇಕು. ಕಾರು ವಾಲುತ್ತಿದೆ ಅನ್ನಿಸಿದರೆ ಕೈಯಿಂದ ತಡೆಯಲು ಹೋಗಬೇಡಿ, ದೂರ ಸರಿಯಿರಿ. ಒಂದು ಟನ್ ಭಾರವನ್ನು ಯಾರ ತೋಳೂ ತಡೆಯುವುದಿಲ್ಲ. ಬಿದ್ದ ಕಾರನ್ನು ಸರಿ ಮಾಡಬಹುದು.

ಹಂತ 2: ಕೊನೆಗೆ ಮುಟ್ಟಿದ್ದು ಯಾವುದು?

ಕೆಲಸಕ್ಕೆ ಮುಂಚೆ ಸರಿಯಾಗಿದ್ದ ಕಾರು ಕೆಲಸವಾದ ಮೇಲೆ ಕೆಟ್ಟರೆ, ದೋಷ ಹೆಚ್ಚಾಗಿ ನೀವು ಕೈ ಹಾಕಿದ ಜಾಗದಲ್ಲೇ ಇರುತ್ತದೆ. ಹೊಸ ರೋಗ ಹುಡುಕುವ ಮೊದಲು ಅಲ್ಲಿ ನೋಡಿ. ಏರ್ ಫಿಲ್ಟರ್ ಬದಲಿಸಿದ ಮೇಲೆ ಎಂಜಿನ್ ಲೈಟ್ ಬಂತಾ? ಫಿಲ್ಟರ್ ಡಬ್ಬಿಯ ಹತ್ತಿರದ ಸೆನ್ಸರ್ ಪ್ಲಗ್ ಹಾಕಲು ಮರೆತಿರಬಹುದು, ಪೈಪಿನ ಕ್ಲಿಪ್ ಸಡಿಲವಿರಬಹುದು. ಸ್ಪಾರ್ಕ್ ಪ್ಲಗ್ ಹಾಕಿದ ಮೇಲೆ ಎಂಜಿನ್ ನಡುಗುತ್ತಿದೆಯಾ? ಪ್ಲಗ್‌ಗೆ ಕರೆಂಟ್ ಕೊಡುವ ಒಂದು ಕಾಯಿಲ್‌ನ ಕನೆಕ್ಟರ್ ‘ಟಕ್’ ಅಂತ ಕೂತಿರಲಿಕ್ಕಿಲ್ಲ. ಬ್ಯಾಟರಿ ಬದಲಿಸಿದ ಮೇಲೆ ಸೆಲ್ಫ್ ಹೊಡೆಯುತ್ತಿಲ್ಲವಾ? ಟರ್ಮಿನಲ್ ಹಿಡಿದು ಅಲ್ಲಾಡಿಸಿ ನೋಡಿ.

ಏನನ್ನೂ ಬಿಚ್ಚುವ ಮೊದಲು ಮೊಬೈಲ್‌ನಲ್ಲಿ ಎರಡು ಫೋಟೊ ತೆಗೆಯಿರಿ. ಮತ್ತೆ ಜೋಡಿಸುವಾಗ ‘ಇದು ಹೀಗೇ ಇತ್ತಾ?’ ಎಂಬ ಅನುಮಾನಕ್ಕೆ ಇದಕ್ಕಿಂತ ಒಳ್ಳೆ ಮದ್ದಿಲ್ಲ.

ಹಂತ 3: ಬಿಚ್ಚದ ಬೋಲ್ಟ್ ಜೊತೆ ಜಗಳ ಬೇಡ

ಬೋಲ್ಟ್ ತಲೆ ಸವೆದು ದುಂಡಗಾಗುವುದು ಒಮ್ಮೆಲೇ ಅಲ್ಲ. ಮೊದಲ ಸಲ ಸ್ಪ್ಯಾನರ್ ಜಾರಿದಾಗ ಮೂಲೆ ಸ್ವಲ್ಪ ಸವೆಯುತ್ತದೆ. ಮೂರನೇ ಸಲಕ್ಕೆ ಹಿಡಿಯಲು ಮೂಲೆಯೇ ಇರುವುದಿಲ್ಲ. ಆದ್ದರಿಂದ ಮೊದಲ ಸಲ ಜಾರಿದಾಗಲೇ ನಿಲ್ಲಿಸಿ. ಹನ್ನೆರಡು ಮೂಲೆಯ ಸಾಕೆಟ್ ಬಿಟ್ಟು ಆರು ಮೂಲೆಯದ್ದನ್ನು ತೆಗೆದುಕೊಳ್ಳಿ. ಅದು ಬೋಲ್ಟಿನ ಮೈಯನ್ನು ಜಾಸ್ತಿ ಅಗಲಕ್ಕೆ ಹಿಡಿಯುತ್ತದೆ. ತುಕ್ಕು ಬಿಡಿಸುವ ಎಣ್ಣೆ ಹಾಕಿ, ತಲೆಯ ಮೇಲೆ ಸುತ್ತಿಗೆಯಿಂದ ಮೆಲ್ಲಗೆ ನಾಲ್ಕು ಏಟು ಕೊಟ್ಟು ಬಿಡಿ. ಸಾಧ್ಯವಾದರೆ ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಮೊದಲು ಕೂದಲೆಳೆಯಷ್ಟು ಬಿಗಿ ದಿಕ್ಕಿಗೆ ತಿರುಗಿಸಿ, ಆಮೇಲೆ ಸಡಿಲ ಮಾಡಿ. ತುಕ್ಕಿನ ಹಿಡಿತ ಹಾಗೆ ಬಿಡುತ್ತದೆ. ಸ್ಪ್ಯಾನರ್ ಮೇಲೆ ಹತ್ತಿ ನಿಂತರೆ ಬೋಲ್ಟೇ ತುಂಡಾಗುತ್ತದೆ, ಆಗ ಡ್ರಿಲ್ ಹಾಕಿ ತೆಗೆಯುವ ಕೆಲಸ.

ಹಂತ 4: ಬೋಲ್ಟ್ ಸುತ್ತುತ್ತಲೇ ಇದೆ, ಬಿಗಿಯಾಗುತ್ತಿಲ್ಲ

ಇದು ಆಯಿಲ್ ಚೇಂಬರ್ (ಎಂಜಿನ್ ತಳದ ಆಯಿಲ್ ತೊಟ್ಟಿ) ಕೆಳಗಿನ ಡ್ರೈನ್ ಬೋಲ್ಟಿಗೆ, ಅಂದರೆ ಹಳೇ ಆಯಿಲ್ ಇಳಿಸಲು ಬಿಚ್ಚುವ ಬೋಲ್ಟಿಗೆ, ಆಗುವ ಮಾಮೂಲಿ ಗ್ರಹಚಾರ. ಬೋಲ್ಟ್ ಉಕ್ಕಿನದು, ಎಷ್ಟೋ ಕಾರುಗಳ ಚೇಂಬರ್ ಅಲ್ಯೂಮಿನಿಯಂನದು. ಜಾಸ್ತಿ ಬಲ ಹಾಕಿದರೆ ಸೋಲುವುದು ಮೆತ್ತಗಿನ ಲೋಹ. ಅದು ಕೈಗೆ ಹೇಗೆ ಗೊತ್ತಾಗುತ್ತದೆ ನೋಡಿ: ಸ್ಪ್ಯಾನರ್ ಬಿಗಿಯಾಗುತ್ತಾ ಬರುತ್ತದೆ, ಇನ್ನೇನು ಸಾಕು ಅನ್ನುವಾಗ ಇದ್ದಕ್ಕಿದ್ದಂತೆ ಹಗುರವಾಗುತ್ತದೆ. ಬೆಣ್ಣೆಯಲ್ಲಿ ತಿರುಗಿಸಿದ ಹಾಗೆ. ಬೋಲ್ಟ್ ಹೊರಗೆ ತೆಗೆದರೆ ಅದರ ಥ್ರೆಡ್, ಅಂದರೆ ಮೈಮೇಲಿನ ತಿರುಪು ಗೆರೆಗಳ ಸಂದಿಯಲ್ಲಿ ಬೆಳ್ಳಗೆ ಹೊಳೆಯುವ ಸಣ್ಣ ಸುರುಳಿ ಸಿಕ್ಕಿಕೊಂಡಿರುತ್ತದೆ. ಅದು ಬೋಲ್ಟಿನದಲ್ಲ, ಚೇಂಬರಿನ ಥ್ರೆಡ್ ಕಿತ್ತು ಬಂದದ್ದು.

ಆಗ ಟೇಪ್ ಸುತ್ತಿ, ಅಂಟು ಹಚ್ಚಿ ‘ಗ್ಯಾರೇಜ್‌ವರೆಗೆ ಹೋಗೋಣ’ ಅನ್ನಬೇಡಿ. ದಾರಿಯಲ್ಲಿ ಬೋಲ್ಟ್ ಉದುರಿದರೆ ಆಯಿಲ್ ಪೂರ್ತಿ ಖಾಲಿ, ಎಂಜಿನ್ ಜಾಮ್. ಮೆಕ್ಯಾನಿಕ್ ಮನೆಗೇ ಬರಲಿ, ಇಲ್ಲವೇ ಕಾರು ಟೋ ಆಗಿ ಹೋಗಲಿ. ಸ್ವಲ್ಪ ದಪ್ಪ ಬೋಲ್ಟಿಗೆ ಹೊಸ ಥ್ರೆಡ್ ಕೊರೆಯಬಹುದು. ತೂತಿನೊಳಗೆ ಸ್ಪ್ರಿಂಗ್‌ನಂಥ ಉಕ್ಕಿನ ಸುರುಳಿ ಕೂರಿಸಿ ಹಳೇ ಅಳತೆಯ ಬೋಲ್ಟನ್ನೇ ಹಾಕಬಹುದು. ಮೆಕ್ಯಾನಿಕ್‌ಗಳು ಇದನ್ನು ಹೆಲಿಕಾಯಿಲ್ ಅನ್ನುತ್ತಾರೆ, ಚೆನ್ನಾಗಿ ಹಾಕಿದರೆ ಮೊದಲಿಗಿಂತ ಗಟ್ಟಿ. ಎರಡೂ ಆಗದಿದ್ದರೆ ಹೊಸ ಚೇಂಬರ್.

ಹೀಗೆ ಆಗದಿರಲು ಎರಡು ಅಭ್ಯಾಸ ಸಾಕು. ಡ್ರೈನ್ ಬೋಲ್ಟ್ ಇರಲಿ, ಸ್ಪಾರ್ಕ್ ಪ್ಲಗ್ ಇರಲಿ, ಮೊದಲ ಮೂರು ಸುತ್ತು ಬರೀ ಬೆರಳಿನಿಂದ. ಬೆರಳಿಗೆ ತಿರುಗದಿದ್ದರೆ ಅದು ಓರೆಯಾಗಿ ಹೋಗುತ್ತಿದೆ ಅಂತ ಅರ್ಥ. ಹಿಮ್ಮುಖವಾಗಿ ಮೆಲ್ಲಗೆ ತಿರುಗಿಸಿದರೆ ಥ್ರೆಡ್ ಬಾಯಿಗೆ ಬಾಯಿ ಸೇರುವಾಗ ಸಣ್ಣಗೆ ‘ಟಕ್’ ಅಂತ ಇಳಿಯುತ್ತದೆ. ಅಲ್ಲಿಂದ ಮುಂದಕ್ಕೆ ತಿರುಗಿಸಿ. ಎರಡನೆಯದು, ಸಾಧ್ಯವಾದರೆ ಎಷ್ಟು ಬಿಗಿಯಾಯಿತು ಅಂತ ಅಳೆದು ತೋರಿಸುವ ಟಾರ್ಕ್ ರೆಂಚ್ ಬಳಸುವುದು. ಹೆಚ್ಚಿನ ಕಾರುಗಳ ಡ್ರೈನ್ ಬೋಲ್ಟಿಗೆ 25ರಿಂದ 40 ನ್ಯೂಟನ್ ಮೀಟರ್ ಬಿಗಿ ಸಾಕು. ನಿಮ್ಮ ಕಾರಿನ ಸರಿಯಾದ ಲೆಕ್ಕ ಅದರ ಸರ್ವಿಸ್ ಪುಸ್ತಕದಲ್ಲಿರುತ್ತದೆ. ಉದ್ದ ಹಿಡಿಯ ಸ್ಪ್ಯಾನರ್‌ನಲ್ಲಿ ಅಷ್ಟು ಬಲ ಮಣಿಕಟ್ಟಿನಿಂದಲೇ ಬಂದುಬಿಡುತ್ತದೆ, ಭುಜ ಬೇಕಿಲ್ಲ.

ಹಂತ 5: ತಪ್ಪು ಜಾಗಕ್ಕೆ ಸುರಿದಿದ್ದರೆ

ಎಂಜಿನ್ ಸ್ಟಾರ್ಟ್ ಮಾಡಿಲ್ಲ ಅಂದರೆ ಅರ್ಧ ಬದುಕಿದಿರಿ. ಸುರಿದದ್ದನ್ನು ಇಳಿಸಬಹುದು. ಆಯಿಲ್ ಜಾಸ್ತಿಯಾಗಿ, ಮಟ್ಟ ನೋಡುವ ಕಡ್ಡಿ ಡಿಪ್‌ಸ್ಟಿಕ್‌ನ ಮೇಲಿನ ಗುರುತು ದಾಟಿದ್ದರೆ ‘ಇರಲಿ ಬಿಡು’ ಅನ್ನಬೇಡಿ. ಎಂಜಿನ್ ಒಳಗೆ ತಿರುಗುವ ದಂಡ, ಅಂದರೆ ಕ್ರ್ಯಾಂಕ್, ಅದನ್ನು ಕಡೆದು ನೊರೆ ಮಾಡುತ್ತದೆ, ನೊರೆ ಎಂಜಿನ್ನನ್ನು ಕಾಪಾಡುವುದಿಲ್ಲ. ಹೆಚ್ಚಿಗೆ ಇದ್ದದ್ದನ್ನು ಇಳಿಸಿ.

ಕೆಲವು ಕಾರುಗಳಲ್ಲಿ ಗೇರ್‌ಬಾಕ್ಸ್‌ನ ಬೋಲ್ಟ್ ಎಂಜಿನ್‌ನದ್ದರ ಪಕ್ಕದಲ್ಲೇ ಇರುತ್ತದೆ. ಬಹಳ ಕಿಲೋಮೀಟರ್ ಓಡಿದ ಎಂಜಿನ್‌ನಿಂದ ಕಪ್ಪು ಆಯಿಲ್ ಬರಬೇಕು. ಕೆಂಪಗೆ ಅಥವಾ ತಿಳಿಯಾಗಿ ಬಂದರೆ ತಕ್ಷಣ ಬೋಲ್ಟ್ ಮುಚ್ಚಿ. ಗಮನಿಸದೆ ಮುಂದುವರಿದರೆ ಗೇರ್‌ಬಾಕ್ಸ್ ಖಾಲಿ, ಎಂಜಿನ್‌ನಲ್ಲಿ ಎರಡು ಪಾಲು ಆಯಿಲ್.

ಬ್ರೇಕ್ ಆಯಿಲ್ ಡಬ್ಬಿಗೆ ಎಂಜಿನ್ ಆಯಿಲ್ ಬಿದ್ದರೆ ನಾನು ಯಾರಿಗೂ ಧೈರ್ಯ ಹೇಳಲಾರೆ. ಒಂದು ಚಮಚ ಬಿದ್ದರೂ ಸಾಕು, ಒಳಗಿನ ರಬ್ಬರ್ ಸೀಲ್‌ಗಳು ಊದಿಕೊಳ್ಳುತ್ತವೆ. ಬ್ರೇಕ್ ಹಿಡಿಯದೇ ಹೋಗಬಹುದು, ಹಿಡಿದದ್ದು ಬಿಡದೇ ಇರಬಹುದು. ಪೆಡಲ್ ಒತ್ತಲೇಬೇಡಿ, ಒತ್ತಿದರೆ ಅದು ಪೈಪುಗಳಿಗೆ ಹೋಗುತ್ತದೆ. ಕಾರು ಅಲ್ಲೇ ನಿಲ್ಲಲಿ, ಮೆಕ್ಯಾನಿಕ್‌ಗೆ ಫೋನ್ ಮಾಡಿ. ವರ್ಷದ ಹಿಂದೆ ತೆರೆದಿಟ್ಟ ಬ್ರೇಕ್ ಆಯಿಲ್ ಬಾಟಲಿಯನ್ನೂ ಬಳಸಬೇಡಿ. ಅದು ಗಾಳಿಯ ತೇವ ಹೀರುತ್ತದೆ. ಡಾಟ್ 4 ದರ್ಜೆಯ ಹೊಸ ಬ್ರೇಕ್ ಆಯಿಲ್ ಕನಿಷ್ಠ 230 ಡಿಗ್ರಿಯವರೆಗೆ ಕುದಿಯಬಾರದು ಎಂಬ ನಿಯಮವಿದೆ, ತೇವ ಹೀರಿದ ಮೇಲೆ ಆ ಮಿತಿ 155 ಡಿಗ್ರಿ. ಇಳಿಜಾರಿನಲ್ಲಿ ಬ್ರೇಕ್ ಕಾದಾಗ ಈ ವ್ಯತ್ಯಾಸ ಜೀವದ ಪ್ರಶ್ನೆ. ಪೇಂಟ್ ಮೇಲೆ ಚೆಲ್ಲಿದರೆ ಒರೆಸುತ್ತಾ ಕೂರದೆ ಕೂಡಲೇ ನೀರು ಹಾಕಿ ತೊಳೆಯಿರಿ.

ಬಿಸಿ ರೇಡಿಯೇಟರ್ ಮುಚ್ಚಳ ಮಾತ್ರ ಯಾವ ಕಾರಣಕ್ಕೂ ತೆಗೆಯಬೇಡಿ. ಒಳಗಿನ ಕೂಲಂಟ್ (ಎಂಜಿನ್ ತಂಪು ಮಾಡುವ ದ್ರವ) 100 ಡಿಗ್ರಿ ದಾಟಿಯೂ ಒತ್ತಡದಿಂದಾಗಿ ಕುದಿಯದೆ ಕೂತಿರುತ್ತದೆ. ಮುಚ್ಚಳ ತೆಗೆದ ಕ್ಷಣ ಕುದಿದು ಮುಖಕ್ಕೆ ಎರಚುತ್ತದೆ.

ಹಂತ 6: ಬ್ರೇಕ್ ಪೆಡಲ್ ನೆಲ ಮುಟ್ಟಿತೇ?

ಬ್ರೇಕ್ ಪ್ಯಾಡ್ ಬದಲಿಸುವಾಗ, ಅದನ್ನು ಚಕ್ರದ ಡಿಸ್ಕಿಗೆ ಒತ್ತುವ ಕ್ಯಾಲಿಪರ್‌ನ ಪಿಸ್ಟನ್ ಹಿಂದಕ್ಕೆ ತಳ್ಳಿರುತ್ತೀರಿ. ಆದ್ದರಿಂದ ಮೊದಲ ಒತ್ತು ಪೊಳ್ಳಾಗಿ ಹೋಗುತ್ತದೆ. ಕಾರು ಅಲುಗಾಡಿಸುವ ಮುಂಚೆಯೇ ಪೆಡಲ್ ಗಟ್ಟಿಯಾಗುವವರೆಗೆ ಒತ್ತುತ್ತಿರಿ. ಇದನ್ನು ಮರೆತು ರಿವರ್ಸ್ ತೆಗೆದು ಗೋಡೆಗೆ ಗುದ್ದಿದವರಿದ್ದಾರೆ. ಎಷ್ಟು ಒತ್ತಿದರೂ ಸ್ಪಂಜಿನ ಹಾಗೆ ಮೆತ್ತಗಿದ್ದರೆ ಪೈಪಿನಲ್ಲಿ ಗಾಳಿ ಇದೆ ಅಥವಾ ಎಲ್ಲೋ ಲೀಕ್ ಇದೆ. ಆ ಕಾರು ಮನೆಯ ಗೇಟೂ ದಾಟಬಾರದು.

ಬ್ಯಾಟರಿ, ಫ್ಯೂಸ್ ವಿಷಯ ಚಿಕ್ಕದು. ಬ್ಯಾಟರಿ ಬಿಚ್ಚುವಾಗ ಮೈನಸ್ ಮೊದಲು, ಹಾಕುವಾಗ ಮೈನಸ್ ಕೊನೆಗೆ. ಆಗ ಸ್ಪ್ಯಾನರ್ ಕಾರಿನ ಮೈಗೆ ತಾಗಿದರೂ ಕಿಡಿ ಹಾರುವುದಿಲ್ಲ. ಉಂಗುರ, ಲೋಹದ ವಾಚ್ ತೆಗೆದಿಡಿ. ಫ್ಯೂಸ್ ಮತ್ತೆ ಮತ್ತೆ ಹೋಗುತ್ತಿದ್ದರೆ 10 ಆಂಪ್ ಜಾಗಕ್ಕೆ 20 ಆಂಪ್ ಹಾಕಬೇಡಿ. ಫ್ಯೂಸ್ ಉಳಿಯುತ್ತದೆ, ವೈರ್ ಸುಡುತ್ತದೆ. ಹಳದಿ ಕನೆಕ್ಟರ್ ಕಂಡರೆ ಅದು ಹೆಚ್ಚಾಗಿ ಏರ್‌ಬ್ಯಾಗಿನದು. ಹೈಬ್ರಿಡ್, ಎಲೆಕ್ಟ್ರಿಕ್ ಕಾರುಗಳ ಕಿತ್ತಳೆ ಬಣ್ಣದ ಕೇಬಲ್‌ಗಳಲ್ಲಿ ನೂರಾರು ವೋಲ್ಟ್ ಇರುತ್ತದೆ. ಎರಡನ್ನೂ ಮುಟ್ಟಬೇಡಿ.

ಹಂತ 7: ಮೆಕ್ಯಾನಿಕ್‌ಗೆ ನಿಜ ಹೇಳಿ

‘ಸುಮ್ನೆ ನಿಂತಿತ್ತು, ತಾನಾಗೇ ಹೀಗಾಯ್ತು’ ಅಂದರೆ ಅವರು ಎಲ್ಲೆಲ್ಲೋ ಹುಡುಕಬೇಕಾಗುತ್ತದೆ. ಸಂಕೋಚ ಬೇಡ. ‘ಫಿಲ್ಟರ್ ನಾನೇ ಬದಲಿಸಿದೆ, ಸ್ಟಾರ್ಟ್ ಮಾಡಿ ಹದಿನೈದು ಸೆಕೆಂಡಿಗೆ ಲೀಕ್ ಕಂಡಿತು, ಕೆಂಪು ದೀಪ ಬರಲಿಲ್ಲ, ಮತ್ತೆ ಸ್ಟಾರ್ಟ್ ಮಾಡಿಲ್ಲ.’ ಇಷ್ಟು ಹೇಳಿದರೆ ಅರ್ಧ ಕೆಲಸ ಆದ ಹಾಗೆ ಅಲ್ವಾ? ಬಿಚ್ಚಿದ ಬೋಲ್ಟ್, ವಾಷರ್, ಹಳೇ ಫಿಲ್ಟರ್ ಎಸೆಯದೆ ಒಂದು ಡಬ್ಬಿಯಲ್ಲಿಟ್ಟು ತೋರಿಸಿ.

ಹಂತ 8: ಮತ್ತೆ ಸ್ಟಾರ್ಟ್ ಮಾಡುವ ಮುನ್ನ

ಅವತ್ತು ನನ್ನ ಕಾರಿಗೆ ಆಗಿದ್ದೇನು ಅಂತ ಈಗ ಹೇಳುತ್ತೇನೆ. ಹೊಸ ಫಿಲ್ಟರ್ ಬಿಚ್ಚಿ, ಅದು ಕೂರುವ ಜಾಗವನ್ನು ಬಟ್ಟೆಯಿಂದ ಒರೆಸಿ ಟಾರ್ಚ್ ಬಿಟ್ಟೆ. ಕಣ್ಣಿಗೆ ಏನೂ ಕಾಣಲಿಲ್ಲ. ಉಗುರು ಆಡಿಸಿದಾಗ ಒಂದು ಅಂಚು ಮೆತ್ತಗೆ ತಾಗಿತು. ಹಳೇ ಫಿಲ್ಟರ್‌ನ ರಬ್ಬರ್ ರಿಂಗ್! ಫಿಲ್ಟರ್ ಜೊತೆ ಬರದೆ ಎಂಜಿನ್‌ಗೇ ಅಂಟಿಕೊಂಡಿತ್ತು. ಕಪ್ಪು ಜಿಡ್ಡಿನ ಮೇಲೆ ಕಪ್ಪು ರಬ್ಬರ್. ಅದರ ಮೇಲೆ ಹೊಸ ರಿಂಗ್ ಕೂತಿತ್ತು. ಒಂದರ ಮೇಲೊಂದು ರಬ್ಬರ್ ಕೂತರೆ ಪಂಪಿನ ಒತ್ತಡಕ್ಕೆ ಜಾರಿಬಿಡುತ್ತವೆ. ಅದಕ್ಕೇ ಹಳೇ ಫಿಲ್ಟರ್ ಕೈಗೆ ಬಂದ ತಕ್ಷಣ ತಿರುಗಿಸಿ ನೋಡಿ, ರಿಂಗ್ ಅದರಲ್ಲೇ ಇದೆಯಾ ಅಂತ.

ಹಳೇ ರಿಂಗ್ ಕಿತ್ತೆ. ಹೊಸ ರಿಂಗಿಗೆ ಬೆರಳಿನಿಂದ ಆಯಿಲ್ ಸವರಿದೆ. ಫಿಲ್ಟರನ್ನು ಕೈಯಲ್ಲೇ ತಿರುಗಿಸಿ, ರಿಂಗ್ ತಾಗಿದ ಮೇಲೆ ಡಬ್ಬಿಯ ಮೇಲೆ ಬರೆದಿದ್ದಂತೆ ಮುಕ್ಕಾಲು ಸುತ್ತು ಬಿಗಿ ಮಾಡಿದೆ. ಆಯಿಲ್ ತುಂಬಿ, ಡಿಪ್‌ಸ್ಟಿಕ್ ನೋಡಿ, ಮುಚ್ಚಳ ಹಾಕಿ, ಸ್ಪ್ಯಾನರ್‌ಗಳನ್ನೂ ಬಟ್ಟೆಯನ್ನೂ ಎಣಿಸಿಕೊಂಡೆ. ನೆಲದ ಆಯಿಲ್ ಮೇಲೆ ಮರದ ಪುಡಿ ಹರಡಿ, ಹೀರಿದ ಮೇಲೆ ಗುಡಿಸಿ ಚೀಲಕ್ಕೆ ತುಂಬಿದೆ. ಅದನ್ನು ನೀರು ಬಿಟ್ಟು ಚರಂಡಿಗೆ ತೊಳೆಯಬಾರದು.

ನೀವೂ ಹೀಗೇ ಮಾಡಿ: ಒಬ್ಬರು ಸೀಟಿನಲ್ಲಿ, ಇನ್ನೊಬ್ಬರು ಹೊರಗೆ ಪಕ್ಕದಲ್ಲಿ ಟಾರ್ಚ್ ಹಿಡಿದು. ಎಂಜಿನ್ ಹತ್ತು ಸೆಕೆಂಡ್ ಓಡಿಸಿ ಆಫ್. ಸುತ್ತ ನೋಡಿ. ಒಣಗಿದ್ದರೆ ಐದು ನಿಮಿಷ ಓಡಿಸಿ ಆಫ್, ಸ್ವಲ್ಪ ಕಾದು ಮತ್ತೆ ಡಿಪ್‌ಸ್ಟಿಕ್ ನೋಡಿ. ಚಕ್ರ ಬಿಚ್ಚಿದ್ದರೆ 50ರಿಂದ 100 ಕಿಲೋಮೀಟರ್ ಓಡಿದ ಮೇಲೆ ನಟ್‌ಗಳ ಬಿಗಿಯನ್ನು ಇನ್ನೊಮ್ಮೆ ಪರೀಕ್ಷಿಸಿ.

ರಾತ್ರಿ ಎಂಜಿನ್ ಕೆಳಗೆ ಒಂದು ದೊಡ್ಡ ರಟ್ಟು ಹಾಸಿಟ್ಟೆ. ಬೆಳಿಗ್ಗೆ ನನಗಿಂತ ಮೊದಲು ಎದ್ದ ಮಗಳು ಬಗ್ಗಿ ನೋಡಿ ಬಂದು ಹೇಳಿದಳು: ‘ಒಂದು ಹನಿಯೂ ಇಲ್ಲಪ್ಪಾ.’