ಮೈಗೊಂದು ಎಣ್ಣೆ, ಸೋಪಿಗೊಂದು ಎಣ್ಣೆ

ಸೋಪು ಮಾಡೋದನ್ನು ಹೇಳಿಕೊಡಿ ಅಂತ ಬರುವವರು ಮೊದಲು ಕೇಳುವುದು, "ಚರ್ಮಕ್ಕೆ ಯಾವ ಎಣ್ಣೆ ಒಳ್ಳೆಯದು?" ಅಂತ. ನಾನು ತಿರುಗಿ ಕೇಳುತ್ತೇನೆ, "ಹಚ್ಚಿಕೊಳ್ಳೋಕಾ, ಸೋಪು ಮಾಡೋಕಾ?" ಎರಡರ ಲೆಕ್ಕವೂ ಬೇರೆ. ಮೈಗೆ ಹಚ್ಚಿದ ಎಣ್ಣೆ ಎಣ್ಣೆಯಾಗಿಯೇ ಇರುತ್ತದೆ. ಕಾಸ್ಟಿಕ್ ಸೋಡಾ (ಸೋಡಿಯಂ ಹೈಡ್ರಾಕ್ಸೈಡ್ ಅನ್ನುವ ತೀಕ್ಷ್ಣ ಕ್ಷಾರ) ಜತೆ ಸೇರಿದ ಎಣ್ಣೆಯ ಬಹುಪಾಲು ಸೋಪು ಮತ್ತು ಗ್ಲಿಸರಿನ್ ಆಗಿ ಬದಲಾಗುತ್ತದೆ. ಉಳಿದ ಚೂರುಪಾರು ಎಣ್ಣೆಯೂ ಒಂದು ತಂಬಿಗೆ ನೀರು ಸುರಿದರೆ ಹೋಯಿತು. ದುಬಾರಿ ಬಾದಾಮಿ ಎಣ್ಣೆ ಕೊಂಡು ಸೋಪಿಗೆ ಹಾಕುವವರನ್ನು ಕಂಡರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಆ ಎಣ್ಣೆಯನ್ನು ಸ್ನಾನ ಆದಮೇಲೆ ನಾಲ್ಕು ಹನಿ ಕೈಗೆ ಹಚ್ಚಿಕೊಂಡಿದ್ದರೆ ಎಷ್ಟೋ ಉಪಯೋಗವಾಗುತ್ತಿತ್ತು.

ನಾನಿರುವುದು ಶಿರಸಿ ಸೀಮೆಯಲ್ಲಿ. ಇಂಟರ್ನೆಟ್ಟಿನಲ್ಲಿ ಸಿಗುವ ಸೋಪಿನ ಪಾಕಗಳಲ್ಲಿ ಆಲಿವ್ ಎಣ್ಣೆ, ಆಫ್ರಿಕಾದ ಶಿಯಾ ಬೆಣ್ಣೆ ಇಲ್ಲದೆ ಮಾತೇ ಇಲ್ಲ. ಅವು ಆ ಪಾಕ ಬರೆಯುವ ಹೊರದೇಶದವರಿಗೆ ಸುಲಭವಾಗಿ ಸಿಗುತ್ತವೆ, ಹಾಕುತ್ತಾರೆ. ನಮಗೆ ಸುಲಭವಾಗಿ ಸಿಗುವುದು ತೆಂಗಿನೆಣ್ಣೆ, ಎಳ್ಳೆಣ್ಣೆ, ಹರಳೆಣ್ಣೆ, ಅಕ್ಕಿ ತೌಡಿನ ಎಣ್ಣೆ, ಬಯಲುಸೀಮೆಯಿಂದ ಬರುವ ಕುಸುಬೆ ಎಣ್ಣೆ, ಇಲ್ಲೇ ಕಾಡಿನಂಚಲ್ಲಿ ಸಿಗುವ ಮುರುಗಲು (ಪುನರ್ಪುಳಿ, ಕೋಕಂ) ಬೀಜದ ತುಪ್ಪ. ನನ್ನ ಸೋಪು, ನನ್ನ ಹಚ್ಚುವ ಎಣ್ಣೆ ಎಲ್ಲವೂ ಇಷ್ಟರಲ್ಲೇ.

ಎರಡು ಎಣ್ಣೆಗಳ ಕತೆ ಹೇಳಿದರೆ ವಿಷಯ ಸಲೀಸಾಗಿ ಅರ್ಥವಾಗುತ್ತದೆ. ಒಂದು ತೆಂಗಿನೆಣ್ಣೆ. ಅದರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಲಾರಿಕ್ ಆಮ್ಲ ಅನ್ನುವ ಕೊಬ್ಬಿನಾಮ್ಲ. ಸೋಪು ಗಟ್ಟಿಯಾಗುವುದು, ನೊರೆ ಬುಸುಬುಸು ಬರುವುದು ಅದರಿಂದಲೇ. ಗಡಸು ನೀರಲ್ಲೂ ನೊರೆ ಕೊಡುತ್ತದೆ. ಹಿಂದೆ ಹಡಗಿನವರು ಉಪ್ಪುನೀರಲ್ಲಿ ಸ್ನಾನಕ್ಕೆ ತೆಂಗಿನೆಣ್ಣೆ ಸೋಪನ್ನೇ ಬಳಸುತ್ತಿದ್ದರು. ಆದರೆ ಬರೀ ತೆಂಗಿನೆಣ್ಣೆ ಸೋಪು ಕೊಳೆಯ ಜತೆ ಚರ್ಮದ ಜಿಡ್ಡನ್ನೂ ತೊಳೆದುಬಿಡುತ್ತದೆ. ಚಳಿಗಾಲದಲ್ಲಿ ಮೊಣಕಾಲ ಕೆಳಗೆ ಬಿಳಿ ಗೀರು ಏಳುತ್ತದಲ್ವಾ, ಅದು ಇನ್ನೂ ಜಾಸ್ತಿಯಾಗುತ್ತದೆ. ಅದೇ ಎಣ್ಣೆಯನ್ನು ಹಾಗೇ ಹಚ್ಚಿಕೊಂಡರೆ ಒಣಚರ್ಮಕ್ಕೆ ಹಿತ.

ಇನ್ನೊಂದು ಕುಸುಬೆ ಎಣ್ಣೆ. ಇದರಲ್ಲಿ ಮುಕ್ಕಾಲು ಪಾಲಿನಷ್ಟು ಲಿನೋಲಿಕ್ ಆಮ್ಲ ಅನ್ನುವ ಇನ್ನೊಂದು ಕೊಬ್ಬಿನಾಮ್ಲ. ಹಗುರ, ಅಂಟು ಕಮ್ಮಿ, ಹಚ್ಚಿದರೆ ಬೇಗ ಒಳಗಿಳಿಯುತ್ತದೆ. ಬೇಸಿಗೆಯಲ್ಲಿ ಕೈಕಾಲಿಗೆ ನನಗೆ ಇದೇ ಇಷ್ಟ. ಸೋಪಿಗೆ ಮಾತ್ರ ಆಗಿಬರಲ್ಲ. ಲಿನೋಲಿಕ್ ಜಾಸ್ತಿ ಇರುವ ಎಣ್ಣೆ ಗಾಳಿ ತಾಗಿದರೆ ಬೇಗ ಕಮಟುತ್ತದೆ. ಪರೀಕ್ಷೆ ಮಾಡೋಣ ಅಂತಲೇ ಕುಸುಬೆ ಜಾಸ್ತಿ ಹಾಕಿದ ಬಿಲ್ಲೆಗಳನ್ನು ಕಪಾಟಿನಲ್ಲಿಟ್ಟು ನೋಡಿದೆ. ಮಳೆಗಾಲ ಮುಗಿಯುವ ಹೊತ್ತಿಗೆ ಮೇಲೆಲ್ಲ ಕಿತ್ತಳೆ ಬಣ್ಣದ ಚುಕ್ಕೆ ಎದ್ದಿದ್ದವು. ಮೂಗಿಗೆ ಹಿಡಿದರೆ ಹಳೇ ಕರಿದೆಣ್ಣೆಯ ವಾಸನೆ.

ಅಂದರೆ ಮೈಗೆ ಒಳ್ಳೆಯದು ಸೋಪಿಗೆ ಒಳ್ಳೆಯದಾಗಬೇಕೆಂದಿಲ್ಲ. ಈ ಒಂದು ವಿಷಯ ತಲೆಗೆ ಹೋದರೆ ಅರ್ಧ ದುಡ್ಡು ಉಳಿಯುತ್ತದೆ.

ಮುರುಗಲು ತುಪ್ಪದ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳಬೇಕು. ಪಶ್ಚಿಮ ಘಟ್ಟದವರಿಗೆ ಬಿಟ್ಟರೆ ಇದು ಅಷ್ಟಾಗಿ ಗೊತ್ತಿಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಮುರುಗಲು ಹಣ್ಣು ಕೆಂಪಾಗುತ್ತದೆ. ಸಿಪ್ಪೆ ಶರಬತ್ತಿಗೆ, ಸಾರಿಗೆ. ಬೀಜ ತುಪ್ಪಕ್ಕೆ. ಬೀಜದ ಮೇಲಿನ ಲೋಳೆ ತೊಳೆದು, ಚೆನ್ನಾಗಿ ಒಣಗಿಸಿ, ಸಿಪ್ಪೆ ಒಡೆದು ತಿರುಳು ತೆಗೆಯಬೇಕು. ತಿರುಳನ್ನು ನುಣ್ಣಗೆ ಮಾಡಿ ನೀರಲ್ಲಿ ಹಾಕಿ ಕುದಿಸಿದರೆ ಕೊಬ್ಬು ಮೇಲೆ ತೇಲುತ್ತದೆ. ಸೌಟಲ್ಲಿ ಮೆಲ್ಲಗೆ ಬಳಿದು ಬೇರೆ ಪಾತ್ರೆಗೆ ಹಾಕಿ ಆರಲು ಬಿಟ್ಟರೆ ಹೆಪ್ಪುಗಟ್ಟುತ್ತದೆ. ಅರೆಗಟ್ಟಿ ಇರುವಾಗಲೇ ಉಂಡೆ ಕಟ್ಟುತ್ತಾರೆ. ನಮ್ಮ ಕಡೆ ಹಳೇ ಮನೆಗಳಲ್ಲಿ ಅಂಥ ಉಂಡೆ ಒಂದಾದರೂ ಇರುತ್ತದೆ. ಬೂದು ಬಿಳುಪು, ಉಗುರು ಒತ್ತಿದರೆ ಗೀರು ಬೀಳುವಷ್ಟು ಗಟ್ಟಿ, ವಾಸನೆ ಇಲ್ಲವೇ ಇಲ್ಲ ಅನ್ನಬಹುದು.

ಇದು ಕರಗುವುದು 40 ಡಿಗ್ರಿ ಆಸುಪಾಸಿನಲ್ಲಿ. ಅರ್ಧಕ್ಕಿಂತ ಜಾಸ್ತಿ ಸ್ಟಿಯರಿಕ್ ಆಮ್ಲ ಇರುವುದೇ ಕಾರಣ. ಹಿಮ್ಮಡಿ ಒಡೆದಾಗ ಉಂಡೆಯನ್ನು ಬಿಸಿ ಚಮಚಕ್ಕೆ ತಾಗಿಸಿ, ಕರಗಿದ ಹನಿ ಹದವಾಗಿ ಬೆಚ್ಚಗಾದ ಮೇಲೆ ಬಿರುಕಿನೊಳಗೆ ಬಿಡುವುದು ಇಲ್ಲಿಯ ಪದ್ಧತಿ. ಅದು ಅಲ್ಲೇ ಗಟ್ಟಿಯಾಗಿ ಕೂತು ಬಿರುಕು ಮುಚ್ಚುತ್ತದೆ. ರಾತ್ರಿ ಹಾಕಿ ಕಾಲುಚೀಲ ಹಾಕಿಕೊಂಡು ಮಲಗಿದರೆ ಬೆಳಿಗ್ಗೆ ಗೊತ್ತಾಗುತ್ತದೆ ಅದರ ಗುಣ. ತುಟಿಗೆ ಬೇಕಾದರೆ ಒಂದು ಪಾಲು ಮುರುಗಲು ತುಪ್ಪಕ್ಕೆ ಎರಡು ಪಾಲು ತೆಂಗಿನೆಣ್ಣೆ ಸೇರಿಸಿ ಕರಗಿಸಿ ಸಣ್ಣ ಡಬ್ಬಿಗೆ ಹಾಕುತ್ತೇನೆ. ಸೋಪಿಗೂ ಸ್ವಲ್ಪ ಹಾಕುತ್ತೇನೆ, ಗಟ್ಟಿತನಕ್ಕೆ. ಬಿಲ್ಲೆ ಬೇಗ ಸವೆಯುವುದಿಲ್ಲ. ಜಾಸ್ತಿ ಹಾಕುವುದು ಸುಮ್ನೆ ದಂಡ.

ಮೈಗೆ ಹಚ್ಚುವುದಕ್ಕೆ ನಮ್ಮ ಮನೆಯಲ್ಲಿ ಎಳ್ಳೆಣ್ಣೆಯದೇ ಮೊದಲ ಸ್ಥಾನ. ದೀಪಾವಳಿಯ ಎಣ್ಣೆ ಸ್ನಾನಕ್ಕೂ ಅದೇ. ಎಳ್ಳಿನಲ್ಲೇ ಇರುವ ಸೆಸಮಾಲ್‌ನಂಥ ಅಂಶಗಳಿಂದ ಅದು ಬೇರೆ ಎಣ್ಣೆಗಳಷ್ಟು ಬೇಗ ಕಮಟುವುದಿಲ್ಲ. ಹರಳೆಣ್ಣೆ ಒಂದನ್ನೇ ಹಚ್ಚಿದರೆ ಅಂಟಂಟು, ಹಾಗಾಗಿ ನಾಲ್ಕು ಪಾಲು ಎಳ್ಳೆಣ್ಣೆಗೆ ಒಂದು ಪಾಲು ಹರಳೆಣ್ಣೆ. ಮುಖದಲ್ಲಿ ಮೊಡವೆ ಏಳುವವರು ತೆಂಗಿನೆಣ್ಣೆಯನ್ನು ಮುಖಕ್ಕೆ ಹಚ್ಚದೇ ಇರುವುದು ವಾಸಿ. ಬೇವಿನೆಣ್ಣೆ ಘಾಟು, ನಾನು ಬಳಸುವುದು ಕಮ್ಮಿ. ಪುಟ್ಟ ಮಕ್ಕಳಿರುವ ಮನೆಯಲ್ಲಿ ಅದನ್ನು ಎತ್ತರದಲ್ಲಿಡಿ, ಮಗುವಿನ ಹೊಟ್ಟೆಗೆ ಹೋದರೆ ಅಪಾಯ. ಯಾವುದೇ ಹೊಸ ಎಣ್ಣೆಯಾದರೂ ಮೊಣಕೈ ಒಳಭಾಗಕ್ಕೆ ಒಂದು ಹನಿ ಹಚ್ಚಿ ಒಂದು ದಿನ ಕಾಯುವುದನ್ನು ಬಿಡಬೇಡಿ. ಎಳ್ಳು, ಕಡಲೆಕಾಯಿಗೆ ಅಲರ್ಜಿ ಇರುವವರಿಗೆ ಅವುಗಳ ಗಾಣದೆಣ್ಣೆಯೂ ಬೇಡ.

ಹಚ್ಚುವ ಎಣ್ಣೆಯನ್ನು ಗಾಣದಿಂದಲೇ ತರುತ್ತೇನೆ. ಹೊಸದಾಗಿ ತೆಗೆದ ಎಣ್ಣೆಯಲ್ಲಿ ಮಡ್ಡಿ, ತೇವ ಎರಡೂ ಇರುತ್ತವೆ. ಸ್ಟೀಲ್ ಡಬ್ಬಿಯಲ್ಲಿ ಕೆಲವು ದಿನ ಅಲುಗಾಡಿಸದೆ ಇಟ್ಟು, ಮೇಲಿನ ತಿಳಿಯನ್ನು ಮಾತ್ರ ಬಗ್ಗಿಸಿಕೊಳ್ಳಬೇಕು. ಸೋಪಿಗೆ ಗಾಣದೆಣ್ಣೆ ಬೇಕೇ ಬೇಕು ಅಂತಿಲ್ಲ. ಅಂಗಡಿಯ ಸಾದಾ ತೆಂಗಿನೆಣ್ಣೆ ಸಾಕು. ಗಾಣದೆಣ್ಣೆಯ ಪರಿಮಳ ಕಾಸ್ಟಿಕ್ ಸೋಡಾ ಮುಂದೆ ಅಷ್ಟೇನೂ ಉಳಿಯಲ್ಲ.

ಈಗ ಸೋಪಿನ ಪಾಕ. ನಾನು ಒಂದು ಕಿಲೋ ಎಣ್ಣೆಗೆ ಲೆಕ್ಕ ಇಟ್ಟುಕೊಂಡಿದ್ದೇನೆ: ತೆಂಗಿನೆಣ್ಣೆ 500 ಗ್ರಾಂ, ಅಕ್ಕಿ ತೌಡಿನ ಎಣ್ಣೆ 250 ಗ್ರಾಂ, ಮುರುಗಲು ತುಪ್ಪ 150 ಗ್ರಾಂ, ಹರಳೆಣ್ಣೆ 100 ಗ್ರಾಂ. ತೌಡಿನ ಎಣ್ಣೆ ಅಗ್ಗ, ಸೋಪನ್ನು ಮೆತ್ತಗೆ ಮಾಡುತ್ತದೆ. ಹರಳೆಣ್ಣೆಯ ಕೆಲಸ ನೊರೆಯನ್ನು ಹಿಡಿದಿಡುವುದು. ಅದು ನೂರಕ್ಕೆ ಹತ್ತು ದಾಟಿದರೆ ಬಿಲ್ಲೆ ಅಂಟಂಟಾಗುತ್ತದೆ.

ಎಷ್ಟು ಕಾಸ್ಟಿಕ್ ಸೋಡಾ ಅನ್ನುವುದನ್ನು ಅಂದಾಜಿನಲ್ಲಿ ಹಾಕುವ ಹಾಗೇ ಇಲ್ಲ. ಒಂದೊಂದು ಎಣ್ಣೆಗೆ ಒಂದೊಂದು ಲೆಕ್ಕ. ಒಂದು ಗ್ರಾಂ ತೆಂಗಿನೆಣ್ಣೆಗೆ 0.183 ಗ್ರಾಂ, ತೌಡಿನ ಎಣ್ಣೆಗೆ 0.133, ಮುರುಗಲು ತುಪ್ಪಕ್ಕೆ 0.135, ಹರಳೆಣ್ಣೆಗೆ 0.128. ಗುಣಿಸಿ ಕೂಡಿದರೆ ಸುಮಾರು 158 ಗ್ರಾಂ. ಅಷ್ಟನ್ನೂ ಹಾಕಿದರೆ ಎಣ್ಣೆ ಪೂರ್ತಿ ಸೋಪಾಗಿಬಿಡುತ್ತದೆ, ತೂಕ ಚೂರು ಹೆಚ್ಚುಕಮ್ಮಿಯಾದರೆ ಚರ್ಮ ಉರಿಯುತ್ತದೆ. ಹಾಗಾಗಿ ನೂರಕ್ಕೆ ಎಂಟು ಕಡಿಮೆ ಮಾಡಿ 145 ಗ್ರಾಂ ಹಾಕುತ್ತೇನೆ. ನೂರಕ್ಕೆ ಐದು ಕಡಿಮೆ ಮಾಡುವುದು ರೂಢಿ. ಇಲ್ಲಿ ಅರ್ಧ ತೆಂಗಿನೆಣ್ಣೆಯೇ ಇರುವುದರಿಂದ ಎಂಟು ಒಳ್ಳೆಯದು. ನೀರು 290 ಗ್ರಾಂ. ನೀರನ್ನೂ ಎಣ್ಣೆಯನ್ನೂ ಲೋಟದಲ್ಲಿ ಅಳೆಯಬೇಡಿ, ಎಲ್ಲವನ್ನೂ ಒಂದು ಗ್ರಾಂ ತೋರಿಸುವ ಡಿಜಿಟಲ್ ತಕ್ಕಡಿಯಲ್ಲಿ ತೂಗಿ. ಎಣ್ಣೆ ಬದಲಿಸಿದರೆ ಲೆಕ್ಕವನ್ನು ಮತ್ತೆ ಮೊದಲಿನಿಂದ ಮಾಡಿ.

ಕಾಸ್ಟಿಕ್ ಸೋಡಾ ಬೇರೆ, ವಾಷಿಂಗ್ ಸೋಡಾ ಬೇರೆ, ಅಡುಗೆ ಸೋಡಾ ಬೇರೆ. ಬಚ್ಚಲ ಪೈಪಿನ ಕಸ ತೆಗೆಯುವ ಪುಡಿಯನ್ನೂ ತರಬೇಡಿ, ಅದರಲ್ಲಿ ಬೇರೆ ವಸ್ತು ಬೆರೆತಿರುತ್ತದೆ. ನನ್ನ ಮನೆಯಲ್ಲಿ ಸೋಪು ಮಾಡುವ ದಿನ ಮಕ್ಕಳು, ನಾಯಿ ಯಾರೂ ಹಿತ್ತಿಲ ಕಡೆ ಬರುವ ಹಾಗಿಲ್ಲ. ಕಣ್ಣಿಗೆ ರಕ್ಷಣಾ ಕನ್ನಡಕ, ಕೈಗೆ ರಬ್ಬರ್ ಗವಸು, ತುಂಬುತೋಳಿನ ಅಂಗಿ. ಪಾತ್ರೆ ಸ್ಟೀಲಿನದೇ ಆಗಬೇಕು. ಅಲ್ಯೂಮಿನಿಯಂ ತಾಗಿದರೆ ಕುದಿದು ಹೈಡ್ರೋಜನ್ ಗಾಳಿ ಏಳುತ್ತದೆ. ಯಾವತ್ತೂ ನೀರಿಗೆ ಸೋಡಾ ಹಾಕಬೇಕು, ಸೋಡಾ ಮೇಲೆ ನೀರು ಸುರಿಯಬಾರದು. ಹಾಕಿದ ಕೂಡಲೇ ನೀರು ಕೈಯಿಡಲಾಗದಷ್ಟು ಕಾಯುತ್ತದೆ, ಮೂಗು ಉರಿಯುವ ಹಬೆ ಬರುತ್ತದೆ. ಆದ್ದರಿಂದ ಬಯಲಲ್ಲೇ ಮಾಡುತ್ತೇನೆ. ಚರ್ಮಕ್ಕೆ ಸಿಡಿದರೆ ನಲ್ಲಿ ಕೆಳಗೆ ಹಿಡಿದು ತೊಳೆಯುತ್ತಲೇ ಇರಬೇಕು. ವಿನೆಗರ್, ನಿಂಬೆರಸ ಹಚ್ಚುತ್ತಾ ಕೂರಬೇಡಿ. ಕಣ್ಣಿಗೆ ಬಿದ್ದರೆ ಕೂಡಲೇ ತೊಳೆಯಲು ಶುರುಮಾಡಿ, ಚೆನ್ನಾಗಿ ತೊಳೆದಾದ ಮೇಲೆ ತಡಮಾಡದೆ ಆಸ್ಪತ್ರೆಗೆ ಹೋಗಿ.

ಸೋಡಾ ನೀರು 40 ಡಿಗ್ರಿ ಹತ್ತಿರ ಆರುವಷ್ಟರಲ್ಲಿ ಮುರುಗಲು ತುಪ್ಪ ಕರಗಿಸಿ ಬೇರೆ ಎಣ್ಣೆಗಳಿಗೆ ಸೇರಿಸುತ್ತೇನೆ. ಎಣ್ಣೆಯೂ ಅಷ್ಟೇ ಬೆಚ್ಚಗಿರಬೇಕು, ತಣ್ಣಗಾದರೆ ತುಪ್ಪ ಮರಳು ಮರಳಾಗಿ ಹೆಪ್ಪುಗಟ್ಟುತ್ತದೆ. ಎಣ್ಣೆಗೆ ಸೋಡಾ ನೀರನ್ನು ಸಣ್ಣಗೆ ಸುರಿದು, ಹ್ಯಾಂಡ್ ಬ್ಲೆಂಡರನ್ನು ಒಂದಷ್ಟು ಹೊತ್ತು ತಿರುಗಿಸಿ, ಒಂದಷ್ಟು ಹೊತ್ತು ನಿಲ್ಲಿಸಿ, ಹೀಗೆ ಕಲಸುತ್ತೇನೆ. ಮೊದಲು ಎಣ್ಣೆಯ ಗೆರೆಗಳು ಕಾಣುತ್ತವೆ. ಆಮೇಲೆ ಬಣ್ಣ ತಿಳಿಯಾಗುತ್ತಾ ಬರುತ್ತದೆ. ಕೊನೆಗೆ ದೋಸೆ ಹಿಟ್ಟಿನ ಹದ. ಚಮಚದಿಂದ ಬಿಟ್ಟ ಗೆರೆ ಮೇಲೆ ಕ್ಷಣಹೊತ್ತು ಹಾಗೇ ನಿಲ್ಲುತ್ತದೆ. ಅಲ್ಲಿಗೆ ನಿಲ್ಲಿಸಬೇಕು.

ಬಣ್ಣಕ್ಕೆ ಅರಿಶಿನ ಹಾಕುವ ಆಸೆ ಎಲ್ಲರಿಗೂ. ಅರಿಶಿನವನ್ನು ಈ ಮಿಶ್ರಣಕ್ಕೆ ಹಾಕಿದ ತಕ್ಷಣ ಕೆಂಪಾಗುತ್ತದೆ. ಆರತಿಗೆ ಅರಿಶಿನ ಸುಣ್ಣ ಕದಡಿ ಓಕುಳಿ ಮಾಡುತ್ತೇವಲ್ಲ, ಅದೇ ಕೆಲಸ ಇಲ್ಲೂ ನಡೆಯುವುದು. ಗಾಬರಿ ಬೇಡ, ಒಣಗುತ್ತಾ ಬಂದಂತೆ ಕೆಂಪು ಇಳಿದು ಮಾಗಿದ ಕಿತ್ತಳೆಗೆ ತಿರುಗುತ್ತದೆ. ಕಿಲೋ ಎಣ್ಣೆಗೆ ಒಂದು ಚಮಚಕ್ಕಿಂತ ಜಾಸ್ತಿ ಹಾಕಿದರೆ ಟವೆಲ್ಲಿಗೆ ಕಲೆ. ಪರಿಮಳಕ್ಕೆ ಮಜ್ಜಿಗೆಹುಲ್ಲಿನ ಎಣ್ಣೆ 10 ಗ್ರಾಂ ಸಾಕು. ಲವಂಗದೆಣ್ಣೆ ಹಾಕಬೇಡಿ, ಮಿಶ್ರಣ ನೋಡನೋಡುತ್ತಲೇ ಕಲ್ಲಾಗುತ್ತದೆ, ಚರ್ಮಕ್ಕೂ ಖಾರ.

ಅಚ್ಚು ಅಂದರೆ ಬೆಣ್ಣೆ ಕಾಗದ ಹಾಸಿದ ಮರದ ಪೆಟ್ಟಿಗೆ. ತೆಂಗಿನೆಣ್ಣೆ ಜಾಸ್ತಿ ಇರುವ ಸೋಪು ಬೇಗ ಗಟ್ಟಿಯಾಗುತ್ತದೆ. ರಾತ್ರಿ ಸುರಿದರೆ ಬೆಳಿಗ್ಗೆಯೇ, ಗವಸು ಹಾಕಿಕೊಂಡು, ಕತ್ತರಿಸಬೇಕು. ಇನ್ನೂ ಒಂದು ದಿನ ಬಿಟ್ಟರೆ ಚಾಕು ಇಟ್ಟಲ್ಲೆಲ್ಲ ಪುಡಿ ಪುಡಿ. ಕತ್ತರಿಸಿದ ಬಿಲ್ಲೆಗಳನ್ನು ಗಾಳಿ ಆಡುವ ಕಡೆ ನಾಲ್ಕರಿಂದ ಆರು ವಾರ ಜೋಡಿಸಿಡಬೇಕು. ಸೋಡಾ ಮೊದಲ ಒಂದೆರಡು ದಿನದಲ್ಲೇ ಹೆಚ್ಚುಕಡಿಮೆ ಮುಗಿದಿರುತ್ತದೆ. ಆಮೇಲೆ ಕಾಯುವುದು ನೀರು ಆರಿ ಬಿಲ್ಲೆ ಬಿಗಿಯಾಗಲಿ, ನೊರೆ ನಯವಾಗಲಿ ಅಂತ. ಮಲೆನಾಡಿನ ಮಳೆಗಾಲದಲ್ಲಿ ಆರುವ ಮಾತೇ ಇಲ್ಲ. ಸೋಪಿನ ಗ್ಲಿಸರಿನ್ ಗಾಳಿಯ ತೇವ ಎಳೆದುಕೊಂಡು ಬಿಲ್ಲೆ ಬೆವರುತ್ತದೆ. ನಾನು ದೀಪಾವಳಿ ಕಳೆದಮೇಲೆ ಶುರುಮಾಡಿ ಶಿವರಾತ್ರಿ ಹೊತ್ತಿಗೆ ವರ್ಷಕ್ಕಾಗುವಷ್ಟು ಮಾಡಿ ಮುಗಿಸುತ್ತೇನೆ.

ಕೆಲವರು ಟಿಎಫ್‌ಎಂ (ಟೋಟಲ್ ಫ್ಯಾಟಿ ಮ್ಯಾಟರ್) ಎಷ್ಟು ಅಂತ ಕೇಳುತ್ತಾರೆ. ಅಂಗಡಿ ಸೋಪಿನಲ್ಲಿ ನೂರಕ್ಕೆ 76 ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಗ್ರೇಡ್ 1. ಅದು ಸೋಪಿನಲ್ಲಿ ಕೊಬ್ಬಿನಾಮ್ಲ ಎಷ್ಟಿದೆ ಅನ್ನುವ ಲೆಕ್ಕ, ಯಾವ ಎಣ್ಣೆಯದು ಅಂತ ಹೇಳುವುದಿಲ್ಲ. ಮನೆ ಸೋಪಿನಲ್ಲಿ ಗ್ಲಿಸರಿನ್ನೂ ಒಂದಿಷ್ಟು ನೀರೂ ಒಳಗೇ ಇರುವುದರಿಂದ ಆ ಅಂಕಿ ಕೆಳಗೇ ಬರುತ್ತದೆ. ದೊಡ್ಡ ಕಾರ್ಖಾನೆಗಳಲ್ಲಿ ಸಾಮಾನ್ಯವಾಗಿ ಗ್ಲಿಸರಿನ್ ತೆಗೆದು ಬೇರೆ ಮಾರುತ್ತಾರೆ. ಇನ್ನು ಕೆಲವರು ಪಿಎಚ್ (ಹುಳಿ, ಕ್ಷಾರದ ಅಳತೆ; 7ಕ್ಕಿಂತ ಕೆಳಗೆ ಹುಳಿ, ಮೇಲೆ ಕ್ಷಾರ) 5.5 ಇರುವ ಸೋಪು ಕೇಳುತ್ತಾರೆ. ಎಣ್ಣೆ, ಸೋಡಾದಿಂದ ಮಾಡಿದ ಯಾವ ಸೋಪೂ ಅಷ್ಟಕ್ಕೆ ಇಳಿಯಲ್ಲ, 9ರಿಂದ 10ರ ನಡುವೆ ಇರುತ್ತದೆ. ಅದಕ್ಕೇ ತಾನೆ ಸ್ನಾನವಾದ ಮೇಲೆ ಮೈ ಇನ್ನೂ ಹಸಿ ಇರುವಾಗಲೇ ಎರಡು ಹನಿ ಎಣ್ಣೆ ತಿಕ್ಕಿಕೊಳ್ಳಿ ಅಂತ ನಾನು ಹೇಳುವುದು. ಹಸಿ ಮೈಗಾದರೆ ಎರಡು ಹನಿ ಇಡೀ ತೋಳಿಗೆ ಸಾಲುತ್ತದೆ.

ಸೋಪು ಔಷಧಿ ಅಂತ ಮಾತ್ರ ಯಾರಿಗೂ ಹೇಳಿ ಕೊಡಬೇಡಿ. ಇಸುಬು, ಗಜಕರ್ಣ ಇದ್ದವರು ಚರ್ಮದ ಡಾಕ್ಟರಿಗೆ ತೋರಿಸಬೇಕು. ಮಾರುವ ಯೋಚನೆ ಇದ್ದರೆ ಸೋಪಿಗೂ ಕಾಸ್ಮೆಟಿಕ್ಸ್ ಕಾನೂನಿನ ಪ್ರಕಾರ ಲೈಸೆನ್ಸ್ ಬೇಕು, 2020ರ ನಿಯಮಗಳನ್ನು ಓದಿಕೊಳ್ಳಿ. ನಾನು ಮಾರುವುದಿಲ್ಲ. ನೆಂಟರಿಷ್ಟರಿಗೆ ಕೊಡುವಾಗ ಯಾವ ಎಣ್ಣೆ ಎಷ್ಟು, ಯಾವತ್ತು ಕತ್ತರಿಸಿದ್ದು ಅಂತ ಚೀಟಿ ಬರೆದು ಕಟ್ಟುತ್ತೇನೆ. ಬಯಲುಸೀಮೆಯ ಗಡಸು ಬೋರ್‌ವೆಲ್ ನೀರಿನವರಿಗೆ ಕೊಡುವ ಬಿಲ್ಲೆಯಲ್ಲಿ ತೆಂಗಿನೆಣ್ಣೆ 600 ಗ್ರಾಂ, ತೌಡಿನ ಎಣ್ಣೆ 150 ಗ್ರಾಂ, ಕಾಸ್ಟಿಕ್ ಸೋಡಾ 150 ಗ್ರಾಂ, ಉಳಿದದ್ದೆಲ್ಲ ಮೊದಲಿನಂತೆಯೇ.