ಸುಟ್ಟ ಕಾಡಿಗೆ ಬೀಜ ಹಾಕುವುದು ಹೇಗೆ?

ಕಲಬುರಗಿ ಜಿಲ್ಲೆಯ ಚಿಂಚೋಳಿ ಕಡೆಯದು ಎಲೆ ಉದುರುವ ಒಣ ಕಾಡು. ಶಿವರಾತ್ರಿ ಕಳೆಯುವಷ್ಟರಲ್ಲಿ ತರಗೆಲೆ ಮೊಣಕಾಲುದ್ದ ಬಿದ್ದಿರುತ್ತದೆ, ಆರಿಸದೆ ಎಸೆದ ಬೀಡಿ ತುಂಡೊಂದೇ ಸಾಕು. ಗುಡ್ಡ ಕರ್ರಗಾದದ್ದು ಕಂಡವರಿಗೆ ಅಂದೇ ಬೀಜ ಚೆಲ್ಲೋಣ ಅನ್ನಿಸುತ್ತದೆ. ದಯವಿಟ್ಟು ಅವಸರ ಮಾಡಬೇಡಿ. ಬೇಸಿಗೆಯಲ್ಲಿ ಚೆಲ್ಲಿದ್ದು ಇರುವೆ, ಇಲಿಗಳ ಪಾಲು.

ಮೊದಲು ಯಾವುದು ಬದುಕಿದೆ ನೋಡಿ. ಮುತ್ತುಗ, ತುಮರಿ, ದಿಂಡಿಗ, ತೇಗ ಮೇಲೆ ಸುಟ್ಟರೂ ಬುಡದಿಂದ ಚಿಗುರುತ್ತವೆ. ಬುಡದ ತೊಗಟೆಯನ್ನು ಉಗುರಿನಿಂದ ಸ್ವಲ್ಪ ಕೆರೆದು ನೋಡಿ, ಒಳಗೆ ಹಸಿರಿದ್ದರೆ ಜೀವವಿದೆ. ಒಂದೆರಡು ಮಳೆಯಾದ ಮೇಲೂ ಚಿಗುರು ಕಾಣದ ಬೋಳು ಜಾಗ ಗುರುತಿಸಿ, ಅಲ್ಲಿಗಷ್ಟೇ ಬೀಜ ಸಾಕು. ತಾನಾಗಿ ಏಳುವ ಕಾಡನ್ನು ಅಗೆದು ಕೆದಕುವುದರಿಂದ ಹಾನಿಯೇ ಹೆಚ್ಚು.

ಚಿಂಚೋಳಿ 2011ರಿಂದ ವನ್ಯಜೀವಿ ಧಾಮ. ಅಲ್ಲಿಗೆ ಕಾಲಿಡಲು, ಬೀಜ ಆರಿಸಲು, ಬಿತ್ತಲು ಅರಣ್ಯ ಇಲಾಖೆಯ ಅನುಮತಿ ಬೇಕೇ ಬೇಕು. ವಲಯ ಅರಣ್ಯಾಧಿಕಾರಿಯನ್ನು ಬೇಸಿಗೆಯಲ್ಲೇ ಕಾಣಿರಿ.

ಬೀಜ ಸುತ್ತಲಿನ ಮರಗಳದ್ದೇ ಆಗಿರಲಿ. ಒಂದೇ ಮರ ಬರಿದು ಮಾಡದೆ ಹತ್ತಾರು ಮರಗಳಿಂದ ಆರಿಸಿ. ಕಕ್ಕೆಯ ಉದ್ದ ಕಾಯಿ ಮುರಿದರೆ ಕಪ್ಪು ಅಂಟಿನ ನಡುವೆ, ಒಂದೊಂದು ಪದರಕ್ಕೆ ಒಂದರಂತೆ ಚಪ್ಪಟೆ ಬೀಜಗಳು ಸಿಗುತ್ತವೆ. ತೊಳೆದು, ಒಂದು ಬದಿಯನ್ನು ಒರಟು ಕಲ್ಲಿಗೆ ತುಸು ಉಜ್ಜಿ ರಾತ್ರಿಯಿಡೀ ನೀರಲ್ಲಿಡಿ. ಬೆಳಗ್ಗೆ ಉಬ್ಬಿದ್ದನ್ನು ಬಿತ್ತಿ, ಉಬ್ಬದ್ದನ್ನು ಮತ್ತೆ ಉಜ್ಜಿ. ಬೇವಿನ ಬೀಜವನ್ನು ಮಾತ್ರ ಕೂಡಿಡಬಾರದು, ಕೆಲವೇ ವಾರಗಳಲ್ಲಿ ಮೊಳೆಯುವ ಶಕ್ತಿ ಕಳೆದುಕೊಳ್ಳುತ್ತದೆ. ಮುತ್ತುಗದ್ದೂ ತಾಜಾ ಇದ್ದಷ್ಟು ಒಳ್ಳೆಯದು. ಬೇಗ ಹಸಿರಾಗುತ್ತದೆಂದು ಸುಬಾಬುಲ್, ಬಳ್ಳಾರಿ ಜಾಲಿ ತರಲೇಬೇಡಿ. ಒಮ್ಮೆ ಹಬ್ಬಿದರೆ ನಮ್ಮ ಗಿಡಗಳಿಗೆ ಜಾಗ ಉಳಿಯುವುದಿಲ್ಲ.

ಮಿರಗದ ಮಳೆ (ಜೂನ್‌ನ ಮೃಗಶಿರ ಮಳೆ) ಬಿದ್ದು, ನೆಲ ಗೇಣುದ್ದ ನೆನೆದ ಮೇಲೆ ಕೆಲಸಕ್ಕಿಳಿಯಿರಿ. ಇಳಿಜಾರಿದ್ದರೆ ಬೀಜಕ್ಕಿಂತ ಮೊದಲು ಕಲ್ಲು ಮತ್ತು ಅರೆಸುಟ್ಟ ಕೊಂಬೆಗಳನ್ನು ಅಡ್ಡ ಸಾಲಾಗಿ ಇಡಿ. ಇಲ್ಲದಿದ್ದರೆ ಬೂದಿಯ ಜೊತೆ ಮೇಲ್ಮಣ್ಣೂ ಹಳ್ಳ ಸೇರುತ್ತದೆ. ಆ ಸಾಲಿನ ಮೇಲ್ಬದಿಯಲ್ಲಿ ನೀರು, ಮಣ್ಣು ನಿಲ್ಲುವುದರಿಂದ ಅಲ್ಲೇ ಕುರ್ಪಿಯಿಂದ ಗುಣಿ ತೋಡಿ ಎರಡು ಮೂರು ಬೀಜ ಹಾಕಿ. ಆಳ ಬೀಜದ ದಪ್ಪದ ಎರಡು ಮೂರು ಪಟ್ಟು, ಅಷ್ಟೇ. ಬೀಜದುಂಡೆ ಎಸೆಯುವುದು ನೋಡಲು ಚೆಂದ, ಮಕ್ಕಳಿಗೂ ಖುಷಿ. ಆದರೆ ಬಂಡೆ ಮೇಲೆ ಬಿದ್ದ ಉಂಡೆಯೊಳಗಿನ ಮೊಳಕೆ ಬಿಸಿಲಿಗೆ ಸಾಯುತ್ತದೆ. ಕೈಯಿಂದ ಗುಣಿಗೆ ಹಾಕುವುದೇ ನನಗೆ ಒಪ್ಪಿತ.

ಎದ್ದ ಸಸಿಗೆ ಆಡು, ದನಗಳ ಕಾಟ ಮೊದಲು. ದನಗಾಹಿಗಳನ್ನು ಕೂರಿಸಿ ಮಾತಾಡಿ, ಎರಡು ಮೂರು ಮಳೆಗಾಲ ಆ ಭಾಗ ಬಿಟ್ಟು ಮೇಯಿಸಲು ಒಪ್ಪಿಸಿ. ಮೇಯಿಸಲು ಬೇರೆ ಜಾಗ ಯಾವುದು ಅಂತ ಅವರೊಂದಿಗೇ ಗೊತ್ತು ಮಾಡಿ. ಸಂಕ್ರಾಂತಿ ಮುಗಿದ ಕೂಡಲೇ ಇಲಾಖೆಯವರೊಂದಿಗೆ ಸುತ್ತಲಿನ ಒಣಹುಲ್ಲು ತೆಗೆದು ಬೆಂಕಿ ರೇಖೆ ಮಾಡಿ. ಮರುವರ್ಷ ಮಿರಗಕ್ಕೆ ಸಸಿಗಳನ್ನು ಎಣಿಸಿ, ಖಾಲಿ ಗುಣಿಗಳಿಗೆ ಮತ್ತೆ ಬೀಜ ಹಾಕಿ.